ಆಡದೆ ಇರುವುದಕ್ಕೆ ಕಟ್ಟಿದ ಶುಲ್ಕ

ನನ್ನ ಓರಗಿತ್ತಿ ಸೊಬಿರಾ ಚದುರಂಗದಲ್ಲಿ ಸೋಲುವುದು ಆಟ ಬಾರದ್ದಕ್ಕಲ್ಲ, ಕುಶಲ ಕೇಳುವುದಕ್ಕೆ. ಇಪ್ಪತ್ತೊಂಬತ್ತು ವರ್ಷ ಒಂದೇ ಒಲೆಯ ಮುಂದೆ ಅವಳ ಪಕ್ಕ ನಿಂತವಳು ನಾನು, ಆದ್ದರಿಂದ ಈ ಮಾತು ಹೇಳುವ ಹಕ್ಕು ನನಗಿದೆ. ಫೋನಿನಲ್ಲಿ ಐದು ನಿಮಿಷದ ಆಟ ಶುರುವಾಗುತ್ತದೆ. ಆ ಕಡೆ ಯಾರೋ ಬ್ರೆಜಿಲಿನವನು ಕಾಲಾಳು ನೂಕಿ ಕಾಯುತ್ತಿರುತ್ತಾನೆ. ಇವಳು ಕಾಯಿ ಮುಟ್ಟುವುದಿಲ್ಲ. ಕನ್ನಡಕ ಮೇಲೆ ತಳ್ಳಿ, ಹಿಟ್ಟು ಮೆತ್ತಿದ ಬೆರಳನ್ನು ಸೊಂಟದ ಬಟ್ಟೆಗೆ ಒರೆಸಿ, ಬರೆಯಲು ಕೂರುತ್ತಾಳೆ: ಅಸ್ಸಲಾಮು ಅಲೈಕುಂ, ಚೆನ್ನಾಗಿದ್ದೀರಾ, ಮೈಯಲ್ಲಿ ಹುಷಾರಾ, ಮನೆಯವರು ಮಕ್ಕಳು ಕ್ಷೇಮವಾ, ತಂದೆ ತಾಯಿ ಆರಾಮವಾ, ಕೆಲಸ ನಡೀತಿದೆಯಾ, ದಣಿದಿಲ್ಲ ತಾನೆ? ಇಷ್ಟಾಗುವಾಗ ಅವಳ ಗಡಿಯಾರದಲ್ಲಿ ಮೂರು ನಿಮಿಷ ಹೋಗಿರುತ್ತದೆ. ಬ್ರೆಜಿಲಿನವನು ಪಾಪ ಒಂದು ಪ್ರಶ್ನೆಯ ಗುರುತು ಕಳಿಸಿದರೆ, ಅವನ ತಂದೆಗೇ ಏನೋ ಆಗಿರಬೇಕು ಎಂದುಕೊಂಡು ನಾಲ್ಕು ಸಾಲು ಸಮಾಧಾನ ಬರೆಯುತ್ತಾಳೆ. ಉಳಿದ ನಲವತ್ತು ಸೆಕೆಂಡಿನಲ್ಲಿ ಹುಲಿಯ ಹಾಗೆ ಆಡುತ್ತಾಳೆ. ಗೆಲ್ಲುವ ಆಟವನ್ನು ಹೊತ್ತು ಮೀರಿ ಸೋಲುತ್ತಾಳೆ.

"ಓಪಾ, ಅವನಿಗೆ ನಮ್ಮ ಭಾಷೆ ಎಲ್ಲಿ ಬರುತ್ತೆ?" ಎಂದು ಒಮ್ಮೆ ಕೇಳಿದ್ದೆ.

"ಬರದಿದ್ರೆ ಏನೀಗ? ಕೇಳಬೇಕಾದ್ದು ಕೇಳಿದ ಹಾಗಾಯ್ತಲ್ಲ. ಒಬ್ರ ಎದುರು ಕೂತು, ಹೇಗಿದೀರಾ ಅಂತಾನೂ ಅನ್ನದೆ ಸೀದಾ ಅವರ ರಾಜನಿಗೆ ಕೈ ಹಾಕೋಕೆ ನಾನೇನು ಕಳ್ಳೀನಾ?"

ನನಗಿಂತ ಒಂಬತ್ತು ವರ್ಷ ಹಿರಿಯಳು, ಅದಕ್ಕೆ ಓಪಾ, ಅಂದರೆ ಅಕ್ಕ. ಎದುರಿಗೆ ಬಹುವಚನ, ಬೆನ್ನ ಹಿಂದೆ ಏಕವಚನ. ಓರಗಿತ್ತಿಯರಿಗೆ ಇಷ್ಟಾದರೂ ಸ್ವಾತಂತ್ರ್ಯ ಬೇಡವೆ?

ನಮ್ಮೂರು ಕೋಕಂದ್. ಅಣ್ಣತಮ್ಮಂದಿರ ಎರಡು ಮನೆ, ನಡುವೆ ಒಂದು ಅಂಗಳ, ಅಂಗಳದ ಮೂಲೆಯಲ್ಲಿ ರೊಟ್ಟಿಯ ಮಣ್ಣಿನ ಒಲೆ. ನಾನು ಹಿಟ್ಟು ನಾದಿ ತಟ್ಟಿಕೊಡುತ್ತೇನೆ, ಓಪಾ ಭುಜದ ತನಕ ಒಲೆಯೊಳಗೆ ಬಗ್ಗಿ ಬಿಸಿ ಗೋಡೆಗೆ ಬಡಿಯುತ್ತಾಳೆ. ಬಡಿಯುವ ಮುಂಚೆ ಪ್ರತಿ ರೊಟ್ಟಿಯ ನಡುವೆ ಮೊಳೆಯ ಅಚ್ಚು ಒತ್ತುತ್ತೇವೆ: ಮಧ್ಯದಲ್ಲಿ ಹೂವು, ಅದರ ಸುತ್ತ ನನ್ನ ಫೋನ್ ನಂಬರು. ಮದುವೆಗೋ ಮುಂಜಿಗೋ ರೊಟ್ಟಿ ಬೇಕಾದವರು ತಿನ್ನುತ್ತಿರುವ ರೊಟ್ಟಿಯನ್ನೇ ನೋಡಿಕೊಂಡು ಫೋನ್ ಮಾಡುತ್ತಾರೆ. ಮೊದಲು ಅಲ್ಲಿ ಓಪಾಳ ನಂಬರೇ ಇತ್ತು. ಹತ್ತು ರೊಟ್ಟಿ ಬೇಕು ಎಂದವರ ಅತ್ತೆ ಮಾವ ನಾದಿನಿಯರನ್ನೆಲ್ಲ ಇವಳು ವಿಚಾರಿಸಿ ಮುಗಿಸುವಷ್ಟರಲ್ಲಿ ಒಲೆಯಲ್ಲಿದ್ದದ್ದು ಇದ್ದಿಲಾಗುತ್ತಿತ್ತು. ನಾನೇ ಜಗಳ ಮಾಡಿ ಅಚ್ಚು ಬದಲಾಯಿಸಿದೆ. ಫೋನ್ ಬಂದರೆ ನನ್ನದು ಎರಡೇ ಮಾತು: ಎಷ್ಟು ರೊಟ್ಟಿ, ಯಾವತ್ತಿಗೆ?

ಓಪಾ ಚದುರಂಗ ಕಲಿತದ್ದು ಸ್ಕೂಲಿನಲ್ಲಿದ್ದಾಗ. ಜಿಲ್ಲೆಯ ಹುಡುಗಿಯರಲ್ಲಿ ಎರಡನೆಯವಳಾಗಿ ಬಂದು ಕಾಯಿಗಳ ಸಮೇತ ಒಂದು ಮರದ ಹಾಸನ್ನು ಬಹುಮಾನವಾಗಿ ಪಡೆದವಳು. ಮದುವೆಯಾಗಿ ಬರುವಾಗ ಅದನ್ನು ತನ್ನ ಬಟ್ಟೆಯ ಸಂದೂಕದ ತಳದಲ್ಲಿಟ್ಟು ತಂದಳು. ನಮ್ಮ ಅತ್ತೆಗೆ ಅದು ಸಿಕ್ಕಿತು. ಹಾಸು ಮೊಸರಿನ ಗಡಿಗೆಗೆ ಮುಚ್ಚಳವಾಯಿತು, ಕರಿ ಮಂತ್ರಿ ಎಣ್ಣೆ ಶೀಶೆಗೆ ಬಿರಡೆಯಾಯಿತು. ಆ ಮುಚ್ಚಳ ತೆಗೆದೇ ಓಪಾ ದಿನಾ ಮೊಸರು ಬಡಿಸುತ್ತಿದ್ದಳಂತೆ. ಅತ್ತೆ ತೀರಿಕೊಂಡು ಏಳು ವರ್ಷದ ಮೇಲೆ, ಮೊಮ್ಮಗಳು ಶಹ್ಲೊ ಕಾಲೇಜಿಗೆ ಸೇರಿ ತನ್ನ ಹಳೆಯ ಫೋನನ್ನು ಅಜ್ಜಿಗೆ ಕೊಟ್ಟಳು, ಅದರಲ್ಲಿ ಬಿಟ್ಟಿ ಚದುರಂಗವನ್ನೂ ಹಾಕಿಕೊಟ್ಟಳು. ಗುರುತಿನ ಚಿತ್ರಕ್ಕೆ ಒಂದು ಕೆಂಪು ಗುಲಾಬಿ. ಅಂದಿನಿಂದ ಆ ಫೋನು ಉಪ್ಪಿನ ಡಬ್ಬಿಗೆ ಒರಗಿಕೊಂಡು ನಿಂತಿದೆ. ಒಂದು ಸಲ ಬಡಿದ ರೊಟ್ಟಿ ಬೇಯುವುದಕ್ಕೂ ಇನ್ನೊಂದು ಸಲ ಬಡಿಯುವುದಕ್ಕೂ ನಡುವಿನ ಹೊತ್ತು ಇದೆಯಲ್ಲ, ಅದು ಅವಳ ರಾಜ್ಯ.

ಈ ಬಿಟ್ಟಿ ಆಟದಲ್ಲಿ ಇನ್ನೊಂದು ಬಗೆ ಇದೆ. ಗಡಿಬಿಡಿ ಇಲ್ಲ, ಒಂದು ನಡೆಗೆ ಮೂರು ದಿನದ ವಾಯಿದೆ. ಅದರಲ್ಲಿ ಕಳೆದ ಬೇಸಿಗೆಯಲ್ಲಿ ಓಪಾಳಿಗೆ ಸಿಕ್ಕಿದ್ದು 'ಬೂದುಕುದುರೆ'. ಹೆಸರು ಅಷ್ಟೇ, ಚಿತ್ರವಿಲ್ಲ. ಪಕ್ಕದ ದೇಶ, ನಾರಿನ್ ಬೆಟ್ಟದ ಕಡೆಯ ಕಿರ್ಗಿಜ್ ಜನ. ಓಪಾ ಎಂದಿನಂತೆ ಉದ್ದಕ್ಕೆ ಕುಶಲ ಬರೆದಳು. ಅರ್ಧ ಗಂಟೆಗೆ ಉತ್ತರ ಬಂತು, ಅವಳದ್ದಕ್ಕಿಂತ ಉದ್ದ. ನಾವೆಲ್ಲ ಕ್ಷೇಮ, ನೀವು ಕ್ಷೇಮವಾ, ದನಕರು ಕುರಿಮರಿ ಎಲ್ಲ ಸುಖವಾಗಿವೆಯಾ, ಚಳಿಗಾಲಕ್ಕೆ ಹುಲ್ಲು ಕೂಡಿಟ್ಟಿರಾ? ಅಷ್ಟು ಸಾವಿರ ಆಟದಲ್ಲಿ ಅವಳಿಗೆ ತಿರುಗಿ ಕುಶಲ ಕೇಳಿದ ಮೊದಲ ಜೀವ ಅದು. ಕೂಗಿ ಕೂಗಿ ನನಗೆ ಓದಿ ಹೇಳಿದಳು, ಆ ಒಲೆಯ ರೊಟ್ಟಿ ಪೂರ್ತಿ ಸೀಯಿತು. ಇವಳ ಹತ್ತಿರ ಇದ್ದ ಜಾನುವಾರು ಎಂದರೆ ಒಂದು ಬೆಕ್ಕು. ಬೆಕ್ಕು ಸುಖವಾಗಿದೆ ಎಂದು ಬರೆದಳು.

ಅವರ ಭಾಷೆ ನಮಗೆ ಅರ್ಧ ಅರ್ಥವಾಗುತ್ತದೆ, ಉಳಿದರ್ಧವನ್ನು ಊಹಿಸಿದರೆ ಸಾಕು. ಎಂಟು ತಿಂಗಳಲ್ಲಿ ಎರಡು ಆಟ ಮುಗಿದು ಮೂರನೆಯದು ನಡೆದಿತ್ತು. ಒಂದು ಇವಳದ್ದು, ಒಂದು ಅವರದ್ದು. ನಡೆಗಿಂತ ಮಾತು ಹೆಚ್ಚು. ಬೆಟ್ಟದಲ್ಲಿ ಹಿಮ ಬಿತ್ತು, ಹಸು ಈದಿತು, ಮಂಡಿ ನೋವು, ಸೊಸೆ ಒಳ್ಳೆಯವಳು ಆದರೆ ಉಪ್ಪು ಜಾಸ್ತಿ ಹಾಕುತ್ತಾಳೆ. ಗಂಡಸೋ ಹೆಂಗಸೋ ಮಾತ್ರ ಗೊತ್ತಿರಲಿಲ್ಲ. ಕೇಳುವುದು ಮರ್ಯಾದೆಯಲ್ಲ. ಫೋನ್ ನಂಬರು ಕೇಳೋಣವೆಂದರೆ, ಗಂಡಸಾಗಿದ್ದರೆ ಗತಿಯೇನು?

ಓಪಾಳ ಗಂಡ ಮಮಾರಸೂಲ್ ಭಾವನಿಗೆ ಮಾತ್ರ ಸಂಶಯವೇ ಇರಲಿಲ್ಲ. "ಕುದುರೆ ಅಂತ ಹೆಸರಿಟ್ಕೊಳ್ಳೋನು ಗಂಡಸೇ. ಹೆಂಗಸಾಗಿದ್ರೆ ಗುಲಾಬಿ ಹಾಕ್ಕೊಳ್ತಿರ್ಲಿಲ್ವಾ ನಿನ್ನ ಹಾಗೆ?" ಎನ್ನುತ್ತಿದ್ದ. ಬೆಳಗ್ಗೆ ಚಹಾಕ್ಕೆ ಕೂತರೆ ಮೊದಲ ಪ್ರಶ್ನೆ, "ಏನಂತೆ ನಿನ್ನ ಕುದುರೆ, ಕೆನೀತಾ ಇವತ್ತು?"

ಇಷ್ಟರಲ್ಲಿ ಉಪವಾಸದ ತಿಂಗಳು ಮುಗಿದು ಹಬ್ಬ ಬಂತು. ಬರೆದದ್ದನ್ನು ನಕಲು ಮಾಡಿ ಎಲ್ಲರಿಗೂ ಕಳಿಸುವುದು ಹೇಗೆ ಎಂದು ಶಹ್ಲೊ ಅದರ ಹಿಂದಿನ ವಾರವಷ್ಟೇ ಅಜ್ಜಿಗೆ ಹೇಳಿಕೊಟ್ಟಿದ್ದಳು. ಬೆಂಕಿಪೊಟ್ಟಣ ಕೈಗೆ ಕೊಟ್ಟ ಹಾಗಾಯಿತು. ಹಬ್ಬದ ಬೆಳಗ್ಗೆ ಓಪಾ ಇಲ್ಲಿಯವರೆಗೆ ತಾನು ಆಡಿದ ಪ್ರತಿಯೊಬ್ಬರಿಗೂ, ಬ್ರೆಜಿಲಿನವನಿಂದ ಹಿಡಿದು ತನ್ನನ್ನು ಬೈದವರ ತನಕ, ಒಂದೇ ಹಾರೈಕೆ ಕಳಿಸತೊಡಗಿದಳು: ಹಬ್ಬದ ಶುಭಾಶಯ, ನಿಮ್ಮ ಮನೆ ತುಂಬಿರಲಿ, ಕೊಬ್ಬು ತೇಲುವ ಪಲಾವ್ ಹೊಟ್ಟೆ ಬಿರಿಯುವಷ್ಟು ಉಣ್ಣಿ. ನೂರ ಹದಿನಾಲ್ಕನೆಯವರಿಗೆ ಕಳಿಸುವಾಗ ಮಾತು ಬರೆಯುವ ಪೆಟ್ಟಿಗೆ ಮುಚ್ಚಿಕೊಂಡಿತು. ಒತ್ತಿದರೆ ಒತ್ತಿಸಿಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಏನೋ ಕೆಂಪಗೆ ಬರೆದು ಬಂತು.

ಶಹ್ಲೊ ಓದಿದಳು. ಅಜ್ಜಿಯನ್ನು ಅವಳು ಬುವಿ ಎನ್ನುತ್ತಾಳೆ. "ಬುವಿ, ನಿಮ್ಮನ್ನ ಜಾಹೀರಾತಿನ ಯಂತ್ರ ಅಂದ್ಕೊಂಡಿದಾರೆ. ಮೂವತ್ತು ದಿನ ಯಾರಿಗೂ ಏನೂ ಬರೆಯೋ ಹಾಗಿಲ್ಲ."

"ಹಬ್ಬದ ದಿನ ಹಾರೈಸಿದ್ದಕ್ಕಾ?"

"ಹಬ್ಬ ಅಂತ ಅವರಿಗೇನು ಗೊತ್ತು?"

ಅಷ್ಟಕ್ಕೇ ಮುಗಿದಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ನಾನಂತೂ ಆಗಲೇ ನಕ್ಕಿದ್ದೆ. ಆದರೆ ಶಹ್ಲೊ ಬೆರಳಾಡಿಸುತ್ತ ಬೂದುಕುದುರೆಯ ಆಟ ತೆರೆದಳು. ಅಲ್ಲಿ ಓಪಾಳ ಕೊಬ್ಬಿನ ಪಲಾವಿನ ಹಾರೈಕೆಯ ಮೇಲೆ, ಅವಳು ನೋಡದೇ ಬಿಟ್ಟಿದ್ದ ಒಂದು ಕಾಗದ ಇತ್ತು, ಅದೇ ಬೆಳಗ್ಗೆ ಬಂದದ್ದು. ಪಿತ್ತಕೋಶದಲ್ಲಿ ಕಲ್ಲು ತುಂಬಿದೆಯಂತೆ, ಕೊಬ್ಬಿನದೇನೂ ಮುಟ್ಟಬಾರದಂತೆ, ಹೃದಯವೂ ಅಷ್ಟು ಗಟ್ಟಿ ಇಲ್ಲವಂತೆ, ಬಿಷ್ಕೆಕ್‌ನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಾರೆ, ನಾಡಿದ್ದು ಕೊಯ್ಯುತ್ತಾರೆ. ಮನೆಯವರಿಗೆ ಇದೊಂದು ಹೇಳಿಲ್ಲ, ನಿಮಗೆ ಹೇಳುತ್ತೇನೆ: ನನಗೆ ಹೆದರಿಕೆ ಆಗುತ್ತಿದೆ. ಅವಸರದಲ್ಲಿ ಕುದುರೆ ನಡೆಸಿದ್ದೇನೆ, ನೋಡಿಕೊಳ್ಳಿ.

ಅದರ ಕೆಳಗೆ ಇವಳ ಉತ್ತರ: ಕೊಬ್ಬು ತೇಲುವ ಪಲಾವ್ ಹೊಟ್ಟೆ ಬಿರಿಯುವಷ್ಟು ಉಣ್ಣಿ.

ಓಪಾ ಅಂಗಳದ ಮಂಚದ ಮೇಲೆ ಕೂತುಬಿಟ್ಟಳು. ಜೀವಮಾನವಿಡೀ ಊರಿಗೆಲ್ಲ ಮೈಯಲ್ಲಿ ಹುಷಾರಾ ಎಂದು ಕೇಳಿದವಳು, ನಿಜವಾಗಿ ಹುಷಾರಿಲ್ಲದ ಒಬ್ಬರು ಹೆದರಿಕೆ ಎಂದಾಗ ಹೀಗೆ ಹೇಳಿದ ಹಾಗಾಯಿತಲ್ಲ. ಅದನ್ನು ತಿದ್ದೋಣವೆಂದರೆ ಬಾಯಿಗೆ ಬೀಗ.

ಆಟದ ಪರಿಸ್ಥಿತಿಯೂ ವಿಚಿತ್ರವಾಗಿತ್ತು. ಬೂದುಕುದುರೆಯವರು ಗಾಬರಿಯಲ್ಲಿ ತಮ್ಮ ಕುದುರೆಯನ್ನು ಓಪಾಳ ಮಂತ್ರಿಯ ಬಾಯಿಗೇ ತಂದು ನಿಲ್ಲಿಸಿದ್ದರು. ಈಗ ಇವಳ ಸರದಿ. ಹೊಡೆದರೆ ಆಟ ಗೆದ್ದ ಹಾಗೇ. ಆದರೆ ಹೊಡೆದರೂ, ಬೇರೆ ಯಾವ ಕಾಯಿ ನಡೆಸಿದರೂ, ಆ ಕೂಡಲೇ ಅವರ ಮೂರು ದಿನದ ಗಡಿಯಾರ ಓಡಲು ಶುರು. ಆಸ್ಪತ್ರೆಯಲ್ಲಿ ಮಲಗಿದವರು ನಡೆ ಹೇಗೆ ನಡೆಸಬೇಕು? ಹೊತ್ತು ಮೀರುತ್ತದೆ, ಆಟ ಮುಗಿಯುತ್ತದೆ. ಹೊಡೆಯದೆ ಕೂತರೆ ಇವಳ ಮೂರು ದಿನ ಮುಗಿದು ಇವಳು ಸೋಲುತ್ತಾಳೆ, ಆಗಲೂ ಆಟ ಮುಗಿಯುತ್ತದೆ. ಬಾಯಿ ಮುಚ್ಚಿಸಿಕೊಂಡವರು ಯಾರನ್ನೂ ಹೊಸ ಆಟಕ್ಕೆ ಕರೆಯುವಂತೆಯೂ ಇಲ್ಲ.

"ಸೋತುಬಿಡಿ ಓಪಾ. ದಿನಾ ಸೋಲ್ತೀರಲ್ಲ," ಎಂದೆ ನಾನು.

"ಸೋಲೋದು ಏನ್ ಮಹಾ, ಇನ್ನೂರು ಸಲ ಸೋಲ್ತೀನಿ. ಒಬ್ರು ಕತ್ತಿ ಕೆಳಗೆ ಮಲಗಿರುವಾಗ ಅವರ ಆಟ ಮುಗಿದು ಹೋಗೋದು ಒಳ್ಳೇ ಶಕುನವಾ? ಅವರು ಎದ್ದು ನೋಡಿದಾಗ ಹಾಸು ಹಾಸಿದ ಹಾಗೇ ಇರಬೇಕು. ನಾನು ಎದುರಿಗೆ ಕೂತಿರಬೇಕು."

ಶಹ್ಲೊ ಹುಡುಕಿ ಒಂದು ದಾರಿ ತೆಗೆದಳು. ಶುಲ್ಕ ಕಟ್ಟಿದ ಸದಸ್ಯರಿಗೆ ರಜೆ ಉಂಟು. ರಜೆ ಹಾಕಿದರೆ ಅವರ ಗಡಿಯಾರ ನಿಂತಲ್ಲೇ ನಿಲ್ಲುತ್ತದೆ, ತಿಂಗಳ ತನಕ. ಬಿಟ್ಟಿ ಆಡುವವರಿಗೆ ರಜೆ ಇಲ್ಲ.

"ಕಟ್ಟಿದ್ರೆ ಬಾಯಿ ಬಿಡ್ತಾರಾ?" ಓಪಾ ಕೇಳಿದಳು.

"ಇಲ್ಲ ಬುವಿ. ಬಾಯಿ ಮೂವತ್ತು ದಿನ ಮುಚ್ಚೇ ಇರುತ್ತೆ. ರಜೆ ಹಾಕಿದ್ರೆ ನೀವು ಬೇರೆ ಆಟ ಆಡೋ ಹಾಗೂ ಇಲ್ಲ."

ಭಾವ ಚಹಾದ ಬಟ್ಟಲು ಕೆಳಗಿಟ್ಟ. "ತಡಿ ತಡಿ, ನಂಗೆ ಸರಿಯಾಗಿ ಹೇಳಿ. ಇಷ್ಟು ದಿನ ಬಿಟ್ಟಿಯಾಗಿ ಆಡ್ತಿದ್ಲು. ಈಗ ಆಡದೆ ಇರೋಕೆ ದುಡ್ಡು ಕೊಡಬೇಕಾ?"

"ಹೂಂ, ಅಜ್ಜ."

"ನಂಗೂ ಕೊಡಿ ಹಾಗಾದ್ರೆ. ನಾನೂ ಆಡೋದಿಲ್ಲ."

ಮರುದಿನ ನಮ್ಮ ಹೆಂಗಸರ ಕೂಟ. ತಿಂಗಳಿಗೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಉಂಡು, ಊರಿನವರ ವಿಷಯವನ್ನೆಲ್ಲ ಇತ್ಯರ್ಥ ಮಾಡುವುದು. ಈ ಸಲ ನಮ್ಮ ಅಂಗಳದಲ್ಲೇ ಇತ್ತು. ಇಲ್ಲಿ ಹೆಣ್ಣು ಗಂಡಿನ ಸಂಬಂಧವೂ ತೀರ್ಮಾನವಾಗುತ್ತದೆ, ಬಟ್ಟೆ ಒಗೆಯುವ ಯಂತ್ರ ಯಾವುದು ಕೊಳ್ಳಬೇಕೆಂಬುದೂ. ಓಪಾ ಪಲಾವ್ ಬಡಿಸಿ ತನ್ನ ಪ್ರಶ್ನೆ ಮುಂದಿಟ್ಟಳು. ಹನ್ನೊಂದು ಹೆಂಗಸರಲ್ಲಿ ಒಬ್ಬರಿಗೂ ಚದುರಂಗ ಬಾರದು, ಆದ್ದರಿಂದ ಹನ್ನೊಂದು ಜನರಿಗೂ ಅಭಿಪ್ರಾಯ ಇತ್ತು.

ದರ್ಜಿ ಕೆಲಸದ ಮುಹಯ್ಯೊ ಗಟ್ಟಿ ಹೆಂಗಸು, ಕತ್ತರಿಗಿಂತ ಮಾತು ಹರಿತ. ಶಹ್ಲೊಳನ್ನು ಎದುರಿಗೆ ಕೂರಿಸಿಕೊಂಡಳು. "ಹೇಳು ಮಗಳೇ, ಕಟ್ಟಿದ್ರೆ ಇನ್ನೇನೇನು ಕೊಡ್ತಾರೆ? ಬರೀ ರಜೆಗೆ ಅಷ್ಟು ಕೊಡೋಕಾಗುತ್ತಾ?"

"ಜಾಹೀರಾತು ಬರೋದಿಲ್ಲ. ಒಗಟು ಎಷ್ಟು ಬೇಕಾದ್ರೂ ಬಿಡಿಸಬಹುದು. ಪಾಠ ಇದೆ. ಆಟ ಮುಗಿದ ಮೇಲೆ ಎಲ್ಲೆಲ್ಲಿ ತಪ್ಪಿದ್ರಿ ಅಂತ ಯಂತ್ರ ಒಂದೊಂದಾಗಿ ಎತ್ತಿ ತೋರಿಸುತ್ತೆ."

"ತಪ್ಪು ಎತ್ತಿ ತೋರಿಸೋಕೆ ದುಡ್ಡಾ?" ಓಪಾ ಬಾಗಿಲ ಕಡೆ ನೋಡಿದಳು. "ಮೂವತ್ತೆಂಟು ವರ್ಷದಿಂದ ಮನೇಲಿ ಒಬ್ರು ಬಿಟ್ಟಿಯಾಗಿ ಮಾಡ್ತಿದಾರೆ."

ಕೂಟವೆಲ್ಲ ಬಿದ್ದು ಬಿದ್ದು ನಕ್ಕಿತು. ಬಾಗಿಲಾಚೆ ಭಾವನ ಕೆಮ್ಮು ಕೇಳಿಸಿತು.

"ತಿಂಗಳಿಗೆ ಎಷ್ಟಾಗುತ್ತೆ?" ಎಂದಳು ಒಬ್ಬಳು.

"ಒಂದು ಒಲೆ ತುಂಬ ರೊಟ್ಟಿ," ಎಂದೆ ನಾನು.

"ಅಯ್ಯೋ, ಹೋದ ವಾರ ಆ ಕುದುರೆ ಕಾಗದ ಓದ್ತಾ ಅಷ್ಟು ಸೀಯಿಸಿಲ್ವಾ ಇವಳು?" ಎಂದಳು ಮುಹಯ್ಯೊ. "ಕೇಳಿಲ್ಲಿ ಸೊಬಿರಾ. ಪಾಠ ಗೀಟ ನಿಂಗೆ ಬೇಡ, ಒಗಟೂ ಬೇಡ. ಅದನ್ನ ನೋಡಿ ಕಟ್ಟಿದ್ರೆ ದಂಡ. ಕಾಯಿಲೆಯವರನ್ನ ನೋಡೋಕೆ ಹೋಗೋಕೆ ಬಾಡಿಗೆ ಕಾರಿಗೆ ಕೊಡೋದಿಲ್ವಾ? ಹಾಗಂದ್ಕೊಂಡು ಕಟ್ಟು. ಆದ್ರೆ ಹೇಳಿದ ಬೆಲೆಗೆ ಮಾತ್ರ ಕಟ್ಟಬೇಡ."

ಈ ಕೊನೆಯ ಮಾತೇ ಅನರ್ಥಕ್ಕೆ ಕಾರಣವಾಯಿತು. ಓಪಾ ಹೇಳಿದ ಬೆಲೆಗೆ ಏನನ್ನೂ ಕೊಂಡವಳಲ್ಲ. ಪೇಟೆಗೆ ಅವಳು ಬಂದರೆ ಕರಬೂಜದ ವ್ಯಾಪಾರಿಗಳು ಅಂಗಡಿಯನ್ನು ಮಗನಿಗೆ ಒಪ್ಪಿಸಿ ನಮಾಜಿಗೆ ಹೊರಡುತ್ತಾರೆ. ಬೆಲೆ ಕೇಳಬೇಕು, ಹಣ್ಣನ್ನು ಅವಮಾನಿಸಬೇಕು, ತಿರುಗಿ ನಡೆಯಬೇಕು, ಅವರು ಕರೆಯಬೇಕು. ಇದೇ ಕ್ರಮವನ್ನು ಅವಳು ಫೋನಿನ ಮೇಲೂ ನಡೆಸಿದಳು. ಆಶ್ಚರ್ಯವೆಂದರೆ ಅದು ನಡೆಯಿತು. ಶಹ್ಲೊ ಶುಲ್ಕದ ಪುಟದಿಂದ ಹೊರಗೆ ಬಂದ ಕೂಡಲೇ, ಹೋಗಬೇಡಿ, ನಿಮಗಾಗಿ ಕಾಲುಭಾಗ ಕಡಿಮೆ, ಎಂದು ಬಂತು.

"ಕರೆದ ನೋಡು! ಹಿಂದೆ ತಿರುಗಿ ನೋಡ್ಬೇಡ, ನಡಿ," ಎಂದಳು ಓಪಾ.

ಸಂಜೆ ಮತ್ತೆ ಹೋಗಿ ಮತ್ತೆ ಬಂದರು. ಈ ಸಲ ಅರ್ಧಕ್ಕೆ ಇಳಿಯಿತು. ಶಹ್ಲೊ ಕಾರ್ಡು ತೆಗೆದಳು. ಓಪಾ ಅವಳ ಕೈ ಹಿಡಿದಳು. "ಅರ್ಧಕ್ಕೆ ತಾನಾಗೇ ಇಳಿದೋನು ಇನ್ನೂ ಇಳೀತಾನೆ. ನಾಳೆ ಪೂರ್ತಿ ಯೋಚನೆ ಮಾಡಲಿ, ನಾಡಿದ್ದು ಬೆಳಗ್ಗೆ ಹೋಗೋಣ."

"ಬುವಿ, ನಾಡಿದ್ದು ಹತ್ತು ಗಂಟೆಗೆ ನಿಮ್ಮ ವಾಯಿದೆ ಮುಗಿಯುತ್ತೆ!"

"ಎಂಟಕ್ಕೇ ಹೋಗೋಣ."

ನಾಡಿದ್ದು ಎಂಟಕ್ಕೆ ಕರೆಂಟಿರಲಿಲ್ಲ, ನೆಟ್ಟೂ ಇರಲಿಲ್ಲ. ಒಂಬತ್ತಕ್ಕೂ ಇರಲಿಲ್ಲ. ಓಪಾ ರೊಟ್ಟಿ ಬಡಿಯುವುದು ಬಿಟ್ಟು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಅಂಗಳದ ತುಂಬ ಓಡಾಡಿದಳು. ಮಲ್ಬರಿ ಮರದ ಕೆಳಗೆ ನಿಂತಳು, ಕೋಳಿಗೂಡಿನ ಮೇಲೆ ಹತ್ತಿದಳು. ಅರವತ್ತೆರಡು ವರ್ಷದ ಹೆಂಗಸು ಕೋಳಿಗೂಡಿನ ಮೇಲೆ ನಿಂತು ಫೋನಿಗೆ "ಬಾರಪ್ಪ, ಬಾರೋ" ಎನ್ನುವುದನ್ನು ನಾನು ನೋಡಿದೆ. ಒಂಬತ್ತೂ ಇಪ್ಪತ್ತಕ್ಕೆ ನೆಟ್ಟು ಬಂತು. ಶಹ್ಲೊ ಪುಟ ತೆರೆದಳು. ಅರ್ಧದ ಬೆಲೆ ಇಲ್ಲ. ಕಾಲುಭಾಗದ ರಿಯಾಯಿತಿಯೂ ಇಲ್ಲ. ಮೊದಲ ದಿನದ ಪೂರ್ತಿ ಬೆಲೆ ದಪ್ಪ ಅಕ್ಷರದಲ್ಲಿ ಕೂತಿದೆ. ಹೊರಗೆ ಬಂದು ನೋಡಿದಳು, ಯಾರೂ ಕರೆಯಲಿಲ್ಲ. ಇನ್ನೊಮ್ಮೆ ಬಂದು ನೋಡಿದಳು, ಇಲ್ಲ.

ಓಪಾ ಕೋಳಿಗೂಡಿನಿಂದ ಇಳಿದಳು. "ಕಟ್ಟು," ಎಂದಳು.

"ಪೂರ್ತಿನಾ?"

"ಕಟ್ಟು ಅಂದೆನಲ್ಲ."

ಕಟ್ಟಿ, ರಜೆಯ ಗುಂಡಿ ಒತ್ತಿದಾಗ ಅವಳ ಗಡಿಯಾರದಲ್ಲಿ ಹದಿನಾರು ನಿಮಿಷ ಉಳಿದಿತ್ತು. ಅಲ್ಲೇ ನಿಂತಿತು. ಭಾವ ಇದನ್ನೆಲ್ಲ ಮಂಚದ ಮೇಲಿಂದ ನೋಡುತ್ತಿದ್ದವನು ಮೆಲ್ಲಗೆ ಕೇಳಿದ, "ಹೇಳಿದ ಬೆಲೆಗೇ ಕೊಟ್ಯಾ?" ಓಪಾ ಹೌದೆಂದು ತಲೆಯಾಡಿಸಿದಳು. ಅವರ ಮದುವೆಯ ಉಂಗುರಕ್ಕೂ ಆಕೆ ಚೌಕಾಶಿ ಮಾಡಿದ್ದಳು. ಅವತ್ತಿನಿಂದ ಅವನು ಕುದುರೆ ಕೆನೀತಾ ಎಂದು ಕೇಳುವುದನ್ನು ಬಿಟ್ಟ.

ಸದಸ್ಯರಾದ ಮೇಲೆ ಹೆಸರಿನ ಪಕ್ಕ ಒಂದು ಚಿನ್ನದ ಗುರುತು ಬಂತು, ಗುರುತಿನ ಚಿತ್ರವೂ ದೊಡ್ಡದಾಯಿತು. ಓಪಾ ಆ ಗುಲಾಬಿಯನ್ನು ನೋಡಿ ಮುಖ ಗಂಟಿಕ್ಕಿದಳು. "ಕಾಯಿಲೆಯವರ ಹಾಸಿಗೆ ಹತ್ರ ಬರಿಗೈಲಿ ಕೂತಿದೀನಲ್ಲ. ಹೂವು ತಿನ್ನೋಕಾಗುತ್ತಾ?" ಒಲೆಯಿಂದ ಆಗಷ್ಟೇ ತೆಗೆದದ್ದರಲ್ಲಿ ಎಲ್ಲಕ್ಕಿಂತ ದುಂಡಗಿದ್ದ ಒಂದು ರೊಟ್ಟಿಯನ್ನು ಆರಿಸಿ, ಮೇಲೆ ಎಣ್ಣೆ ಸವರಿ, ಹೊಸ ಬಟ್ಟೆಯ ಮೇಲೆ ಮುಖ ಮೇಲಾಗಿ ಇಟ್ಟಳು. ಶಹ್ಲೊ ಫೋಟೋ ತೆಗೆದಳು. ಗುಲಾಬಿ ಹೋಗಿ ರೊಟ್ಟಿ ಬಂತು. ಕೊಬ್ಬಿನ ಪಲಾವಿಗೆ ಇದು ತಿದ್ದುಪಡಿಯಾದೀತೆಂದು ಅವಳ ಲೆಕ್ಕ.

ಆಮೇಲೆ ಕಾಯುವುದು. ಅಷ್ಟು ಶುಲ್ಕ ಕಟ್ಟಿದವಳು ಒಂದು ಕಾಯಿ ಮುಟ್ಟುವ ಹಾಗಿಲ್ಲ, ಒಂದಕ್ಷರ ಬರೆಯುವ ಹಾಗಿಲ್ಲ. ರೊಟ್ಟಿ ಬೇಯುವ ಹೊತ್ತಿನಲ್ಲಿ ಆ ಆಟ ತೆರೆದು, ಬಿಳಿ ಕುದುರೆಯನ್ನು ನೋಡಿ, ಮುಚ್ಚಿಡುತ್ತಿದ್ದಳು. ಬಡಿಯುವ ರೊಟ್ಟಿಗಳು ಸೀಯುವುದು ನಿಂತುಹೋಯಿತು. ನನಗೆ ಅದೇ ಹೆದರಿಕೆ ಹುಟ್ಟಿಸಿತು. ಹಾಲಿನವನು 'ಹೇಗಿದೀರಿ ಓಪಾ' ಎಂದರೆ 'ಹೂಂ' ಎನ್ನುತ್ತಿದ್ದಳು, ಬರೀ 'ಹೂಂ'. ಹನ್ನೆರಡನೆಯ ದಿನ ಭಾವ ನನ್ನನ್ನು ಪಕ್ಕಕ್ಕೆ ಕರೆದು, "ಆ ಕುದುರೆ... ಮನುಷ್ಯ ಹೇಗಿದಾನೋ ತಿಳ್ಕೊಳ್ಳೋಕೆ ಬೇರೆ ದಾರಿ ಇಲ್ವೇನಮ್ಮ?" ಎಂದ. ದಾರಿ ನನ್ನ ಕಣ್ಣಿಗೂ ಕಾಣಲಿಲ್ಲ. ದಿನಕ್ಕೆ ಮುನ್ನೂರು ರೊಟ್ಟಿಗೆ ಅಚ್ಚು ಒತ್ತುವ ಕೈ ನನ್ನದು, ನೋಡಿ.

ಹದಿನೆಂಟನೆಯ ದಿನ, ಮಧ್ಯಾಹ್ನದ ಒಲೆ. ಓಪಾ ಭುಜದ ತನಕ ಒಳಗೆ ಬಗ್ಗಿದ್ದಳು. ನನ್ನ ಫೋನ್ ಹೊಡೆದುಕೊಂಡಿತು. ಗೊತ್ತಿಲ್ಲದ ಉದ್ದ ನಂಬರು.

"ಎಷ್ಟು ರೊಟ್ಟಿ, ಯಾವತ್ತಿಗೆ?" ಎಂದೆ.

ಆ ಕಡೆ ಒಂದು ಸಣ್ಣ, ಸುಸ್ತಾದ ದನಿ. ಹೆಂಗಸಿನ ದನಿ. "ಅಸ್ಸಲಾಮು ಅಲೈಕುಂ. ಚೆನ್ನಾಗಿದ್ದೀರಾ? ಮನೆಯವರು ಮಕ್ಕಳು ಕ್ಷೇಮವಾ? ದನಕರು ಸುಖವಾಗಿವೆಯಾ?"

"ದನಕರು ಇಲ್ಲಮ್ಮ. ರೊಟ್ಟಿ ಎಷ್ಟು ಬೇಕು ಹೇಳಿ, ಒಲೆ ಮುಂದೆ ನಿಂತಿದೀನಿ."

"ರೊಟ್ಟಿ ನೋಡೇ ಮಾಡಿದ್ದು. ನಿನ್ನೆ ಮನೆಗೆ ಬಂದೆ. ಸೊಬಿರಾ ಅವರ ಗುಲಾಬಿ ಇರೋ ಜಾಗದಲ್ಲಿ ರೊಟ್ಟಿ ಇತ್ತು. ನನ್ನ ಸೊಸೆ ಅದನ್ನ ದೊಡ್ಡದು ಮಾಡಿ, ಅದರ ಮೇಲೆ ನಂಬರಿದೆ ಅಂತ ಓದಿ ಹೇಳಿದ್ಲು. ನಾನು ಕಲೀಪಾ ಅಂತ, ನಾರಿನ್‌ನಿಂದ. ನಿಮ್ಮ ಬೆಕ್ಕು ಸುಖವಾಗಿದೆಯಾ?"

"ಓಪಾ!" ಎಂದು ಕಿರುಚಿದೆ. ಅವಳು ಒಲೆಯಿಂದ ತಲೆ ತೆಗೆದಳು, ಮುಖವೆಲ್ಲ ಕೆಂಪು, ಎರಡೂ ಕೈಯಲ್ಲಿ ಹಿಟ್ಟು. ಫೋನನ್ನು ನಾನೇ ಅವಳ ಕಿವಿಗೆ ಹಿಡಿದೆ. "ಕುದುರೆ," ಎಂದೆ.

ಆಮೇಲೆ ಆ ಇಬ್ಬರು ಕುಶಲ ಕೇಳಿಕೊಂಡರು. ಮೈಯಲ್ಲಿ ಹುಷಾರಾ ಎಂಬಲ್ಲಿಗೆ ಬಂದು ಓಪಾ ತಡವರಿಸಿ, ಮತ್ತೆ ಮೊದಲಿಂದ ಕೇಳಿದಳು. ಒಬ್ಬರು ಮುಗಿಸುವುದರೊಳಗೆ ಇನ್ನೊಬ್ಬರು, ಇಬ್ಬರೂ ಒಟ್ಟಿಗೆ, ಪಲಾವಿನ ಮಾತು ಮನಸ್ಸಿಗೆ ಹಾಕ್ಕೊಬೇಡಿ, ಅಯ್ಯೋ ಅದನ್ನ ಓದಿ ನಗು ಬಂದು ಹೆದರಿಕೆನೇ ಹೋಯ್ತು, ಸೊಸೆ ಹೇಗಿದಾಳೆ, ಉಪ್ಪು ಕಡಿಮೆ ಮಾಡಿದಾಳಾ. ಭಾವ ಒಳಗಿಂದ ಬಂದು ನಿಂತ. ಫೋನಿನ ದನಿ ಅವನಿಗೂ ಕೇಳಿಸಿತು. ಮೀಸೆ ಸವರಿಕೊಂಡು, ಆಕಾಶ ನೋಡಿ, "ಹಸು ಕರು ಹೇಗಿದೆ ಅಂತಾನೂ ಕೇಳು," ಎಂದ. ಒಲೆಯಲ್ಲಿ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು. ಫೋನ್ ಹಿಡಿದ ಕೈ ನೋಯುತ್ತಿತ್ತು. ಕೈ ಬದಲಾಯಿಸಿ ಹಿಡಿದುಕೊಂಡೆ.

ಇಪ್ಪತ್ತು ನಿಮಿಷದ ಮೇಲೆ ಆ ಕಡೆಯವರು ಕೇಳಿದರು. "ನನ್ನ ಕುದುರೇನ ಹೊಡೆದುಬಿಟ್ರಾ?"

"ಇಲ್ಲ ಕಲೀಪಾ. ನೀವು ನಿಲ್ಲಿಸಿದ ಕಡೆಯೇ ನಿಂತಿದೆ, ಯಾರೂ ಮುಟ್ಟಿಲ್ಲ," ಎಂದಳು ಓಪಾ. "ನೀವು ಹೊಲಿಗೆ ಒಣಗಿಸ್ಕೊಂಡು, ಎದ್ದು ಕೂತು, ಒಂದು ಬಟ್ಟಲು ಸಾರು ಕುಡೀರಿ. ಆಮೇಲೆ ಹೊಡೀತೀನಿ."